ಉಜ್ಜಿದ ಕೈ

ಚಾಮುಂಡಮ್ಮ ಸತ್ತವಳ ಬಲಗೈಯನ್ನು ತನ್ನ ತೊಡೆಯ ಮೇಲಿಟ್ಟುಕೊಂಡು ಸೀಗೆಪುಡಿ ಹಾಕಿ ತಿಕ್ಕುತ್ತಿದ್ದಳು. ಉಗುರಿನ ಸಂದಿಯಲ್ಲಿ ಕೂತಿದ್ದ ಬೂದುಗಪ್ಪು ಹೋಗುತ್ತಲೇ ಇರಲಿಲ್ಲ. ಸೀಗೆಪುಡಿ ಸಾಲದೆ ಹುಣಿಸೆಹಣ್ಣು ತರಿಸಿದಳು. ಅದಕ್ಕೂ ಜಗ್ಗದೆ ಹೋದಾಗ ಒಲೆಯ ಬೂದಿ ತರಿಸಿದಳು. ಹಿತ್ತಲಲ್ಲಿ ಎರಡು ಹಳೆ ಸೀರೆ ಅಡ್ಡ ಕಟ್ಟಿ, ಆ ಮರೆಯಲ್ಲಿ ನಾಲ್ಕೈದು ಹೆಂಗಸರು ಪುಟ್ಟಗೌರಮ್ಮನಿಗೆ ಕೊನೆಯ ನೀರು ಹಾಕುತ್ತಿದ್ದರು.

"ಪಾತ್ರೆ ತಿಕ್ಕಿ ತಿಕ್ಕಿ ಇಂಗಾಗವೆ ನೋಡ್ರವ್ವ," ಎಂದಳು ಚಾಮುಂಡಮ್ಮ. "ಬೆಳ್ಳಲ್ಲಿ ಒಂದು ಗೆರೆ ಉಳ್ದಿಲ್ಲ."

ಮರೆಯ ಈಚೆ ನಿಂತಿದ್ದ ಮಾದಸ್ವಾಮಿಗೆ ಅಕ್ಕನ ಮಾತು ಕೇಳಿಸಿತು. ಪಾತ್ರೆ ತಿಕ್ಕಿ ಅಲ್ಲ ಎಂದು ಹೇಳಲು ಬಾಯಿ ತೆರೆದ. "ಸಾಕು ಬುಡಕ್ಕ, ಅದು ಓಗದಿಲ್ಲ," ಎಂದಷ್ಟೇ ಬಂತು.

"ಮುತ್ತೈದೆ ಕಣ್ಲಾ ಅವ್ಳು. ಕರೀ ಕೈಲಿ ಕಳ್ಸೂಕಾಯ್ತದಾ? ನೀನು ಆಚ್ಗೆ ಓಗು."

ಬೆಳಗಿನಿಂದ ಇದೇ ಆಗಿತ್ತು. ಗಂಡ ಇರುವಾಗಲೇ, ಅರಿಶಿನ ಕುಂಕುಮದ ಜೊತೆ ಹೋದಳು, ಪುಣ್ಯವಂತೆ ಎಂದು ಬಂದವರೆಲ್ಲ ಹೇಳುತ್ತಿದ್ದರು. ಹೇಳಿದವರು ಅವನ ಬೆನ್ನು ಸವರುತ್ತಿದ್ದರು. ಹದಿನೇಳು ವರ್ಷ ಜೊತೆಯಲ್ಲಿ ಬಾಳಿದವಳ ಬಗ್ಗೆ ಊರಿಗೆ ಹೇಳಲು ಇದ್ದದ್ದು ಅದೊಂದೇ ಮಾತು. ಮಕ್ಕಳಿರಲಿಲ್ಲವಾದ್ದರಿಂದ ಅಮ್ಮಾ ಎಂದು ಕರೆದು ಅಳುವವರೂ ಇರಲಿಲ್ಲ. ಮುಳ್ಳೂರಿನಿಂದ ಮೊದಲ ಬಸ್ಸಿಗೇ ಬಂದ ಅಕ್ಕ ಎಲ್ಲವನ್ನೂ ತಾನೇ ಕೈಗೆತ್ತಿಕೊಂಡಿದ್ದಳು. ಇನ್ನು ಬರಬೇಕಾಗಿದ್ದವನು ಲೊಕ್ಕನಹಳ್ಳಿಯಲ್ಲಿದ್ದ ಪುಟ್ಟಗೌರಮ್ಮನ ತಮ್ಮ ಪುಟ್ಟಮಾದಪ್ಪ. ತವರಿನ ಸೀರೆ ಹೊದಿಸದೆ ಹೆಣ ಎತ್ತುವಂತಿರಲಿಲ್ಲ. ನಿನ್ನೆ ಸಂಜೆಯ ಹನೂರು ಬಸ್ಸಿನ ಡ್ರೈವರ್ ಕೈಲಿ ಸುದ್ದಿ ಕಳಿಸಿದ್ದರು. ಅವನು ಕಾಡಿನಂಚಿನ ಆ ಊರಿಂದ ಹನೂರಿಗೆ ಬಂದು, ಸೀರೆ ಕೊಂಡು, ಬಸ್ಸು ಹಿಡಿದು ಕೊಳ್ಳೇಗಾಲ ಮುಟ್ಟುವುದರೊಳಗೆ ಮಧ್ಯಾಹ್ನ ಇಳಿಯುತ್ತಿತ್ತು. ಅಲ್ಲಿಯವರೆಗೆ ಕಾಯಬೇಕು.

ಮಾದಸ್ವಾಮಿ ಹಿತ್ತಲಿಂದ ನಡುಮನೆಗೆ ಬಂದ. ನಡುಮನೆಯಿಂದ ಶೆಡ್ಡಿಗೆ ಒಂದು ಬಾಗಿಲಿತ್ತು. ಅದರ ಚಿಲಕದ ಮೇಲೆ ಕೈಯಿಟ್ಟವನು ತೆಗೆಯದೆ ಹಾಗೇ ಮುಂಬಾಗಿಲಿಗೆ ನಡೆದ.

*

ಕೊಳ್ಳೇಗಾಲ ಕೊಯಮತ್ತೂರು ಜಿಲ್ಲೆಯಲ್ಲಿದ್ದ ಕಾಲದಲ್ಲಿ ಮಾದಸ್ವಾಮಿ ಕೊಯಮತ್ತೂರಿಗೆ ಹೋಗಿ ಗ್ಯಾರೇಜೊಂದರಲ್ಲಿ ಗಾಡಿಗಳಿಗೆ ಬಣ್ಣ ಹೊಡೆಯುವುದನ್ನು ಕಲಿತಿದ್ದ. ಐವತ್ತಾರರಲ್ಲಿ ಊರು ಮೈಸೂರು ರಾಜ್ಯಕ್ಕೆ ಸೇರಿತು. ಬಸ್ಸುಗಳ ಮೇಲಿನ ತಮಿಳು ಅಕ್ಷರ ಅಳಿಸಿ ಕನ್ನಡ ಬರೆಯುವವರು ಬೇಕಾಗಿದ್ದಾರೆಂದು ಯಾರೋ ಹೇಳಿದ್ದೇ ತಡ, ಹಿಂದಿರುಗಿ ಬಂದು ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಯಲ್ಲಿ ತಗಡಿನ ಶೆಡ್ಡು ಹಾಕಿದ. ಮಾರನೆಯ ವರ್ಷ ಮದುವೆಯಾಯಿತು. ಬೋರ್ಡು, ನಂಬರ್ ಪ್ಲೇಟುಗಳ ಕೆಲಸದಲ್ಲೇ ಎರಡು ವರ್ಷ ಕಳೆಯಿತು.

ಮೊದಲ ಕಾರು ಬಂದದ್ದು ಐವತ್ತೊಂಬತ್ತರಲ್ಲಿ, ಒಬ್ಬ ಡಾಕ್ಟರದು. ಸ್ಪ್ರೇ ಗನ್ ಹಿಡಿದರೆ ಮಾದಸ್ವಾಮಿಯ ಕೈ ಚೆನ್ನಾಗಿತ್ತು. ಬಣ್ಣ ಒಂದೇ ಸಮ ಕೂತಿತು. ಬಣ್ಣದ ಮೇಲೆ ಕ್ಲಿಯರ್, ಅಂದರೆ ಬಣ್ಣವೇ ಇಲ್ಲದ ಲ್ಯಾಕರ್ ಹೊಡೆದ. ತೊಂದರೆ ಶುರುವಾದದ್ದು ಆಮೇಲೆ. ಕ್ಲಿಯರ್ ಒಣಗಿದಾಗ ಮೈಯೆಲ್ಲ ಕಿತ್ತಳೆ ಸಿಪ್ಪೆಯ ಹಾಗೆ ಸಣ್ಣ ಸಣ್ಣ ಗುಳಿ ಬಿದ್ದಿರುತ್ತದೆ. ವಾಟರ್ ಪೇಪರೆಂಬ ಉಪ್ಪುಕಾಗದವನ್ನು ಸೋಪಿನ ನೀರಲ್ಲಿ ನೆನೆಸಿ, ಗುಳಿಗಳ ಸುತ್ತ ಎದ್ದ ಉಬ್ಬೆಲ್ಲ ತಗ್ಗಿ ತಗಡು ಸ್ಲೇಟಿನಂತೆ ಮಂಕಾಗುವವರೆಗೆ ಉಜ್ಜಬೇಕು. ಮೇಲೆ ಕಂಪೌಂಡ್ ಎಂಬ ಹೊಳಪಿನ ಲೇಪ ಹಾಕಿ ತಿಕ್ಕಿದರೆ ಆಗ ಹೊಳಪು ಬರುವುದು. ಕಡಿಮೆ ಉಜ್ಜಿದರೆ ಅದರಲ್ಲಿ ನೋಡಿದ ಮುಖ ನಲುಗುತ್ತದೆ. ಹೆಚ್ಚು ಉಜ್ಜಿದರೆ ಕೂದಲಷ್ಟು ದಪ್ಪದ ಆ ಪದರ ಹರಿದು, ಬಣ್ಣವೂ ಹರಿದು, ಅಡಿಯ ಕೆಂಪು ಪ್ರೈಮರ್ ಹೊರಗೆ ಬರುತ್ತದೆ. ಅಂಚುಗಳಲ್ಲಂತೂ ನಾಲ್ಕು ಸಲ ಜಾಸ್ತಿ ಉಜ್ಜಿದರೆ ಸಾಕು.

ಮಾದಸ್ವಾಮಿ ಡಾಕ್ಟರ ಕಾರಿನ ಬಾಗಿಲನ್ನು ಮೂರು ಸಲ ಹರಿದ. ಮೂರು ಸಲವೂ ಮೊದಲಿಂದ ಬಣ್ಣ ಹೊಡೆದ. ಮೂರನೆಯ ಸಲ ಕೈಲಿದ್ದ ಪೇಪರನ್ನು, ಅದನ್ನು ಸುತ್ತಿದ್ದ ರಬ್ಬರಿನ ತುಂಡಿನ ಸಮೇತ ಗೋಡೆಗೆ ಎಸೆದು, ತಲೆ ಹಿಡಿದುಕೊಂಡು ಕೂತ. ಮುದ್ದೆ ತಂದಿದ್ದ ಹೆಂಡತಿ ತಟ್ಟೆ ಕೆಳಗಿಟ್ಟು ಆ ತುಂಡನ್ನು ಎತ್ತಿಕೊಂಡಳು.

ಲೊಕ್ಕನಹಳ್ಳಿಯಲ್ಲಿ ಅವಳು ಮಣ್ಣಿನ ಗೋಡೆಗೆ ಕೆಮ್ಮಣ್ಣು ಬಳಿದು, ಹಳ್ಳದ ನುಣುಪು ಕಲ್ಲಿನಿಂದ ಉಜ್ಜಿ ಬೆಳೆದವಳು. ಅಂಗೈಯನ್ನು ಬಾಗಿಲ ಮೇಲಿಟ್ಟು, ಕಣ್ಣು ಮುಚ್ಚಿ, ಮೇಲಿಂದ ಕೆಳಕ್ಕೆ ಒಮ್ಮೆ ಎಳೆದಳು.

"ನೀವು ಒತ್ತೀರಿ," ಎಂದಳು. "ಒತ್ಬಾರ್ದು. ಅದು ಎಲ್ಲಿ ಉಬ್ಬಿ ಅದೋ ಅಂಗೈಗೆ ಅದೇ ಏಳ್ತದೆ."

ನಾಲ್ಕನೆಯ ಸಲ ಅವಳೇ ಉಜ್ಜಿದಳು. ಅಡ್ಡಡ್ಡ ಅಲ್ಲ, ಸುತ್ತ ಸುತ್ತ ಅಲ್ಲ, ಒಂದೇ ನೇರಕ್ಕೆ. ನಾಲ್ಕು ಸಲ ಎಳೆದು ನೀರು ಬಿಡುವುದು, ಅಂಗೈಯಲ್ಲಿ ನೋಡುವುದು, ಮತ್ತೆ ನಾಲ್ಕು ಸಲ. ಆರನೆಯ ದಿನ ಕಾರು ತೆಗೆದುಕೊಂಡು ಹೋಗಲು ಬಂದ ಡಾಕ್ಟರ ಹೆಂಡತಿ ಬಾಗಿಲ ಮುಂದೆ ಬಗ್ಗಿ ತಲೆಗೂದಲು ಸರಿಮಾಡಿಕೊಂಡರು. ಡಾಕ್ಟರು ಏನು ಕೈಯಯ್ಯಾ ನಿನ್ನದು ಎಂದು ಮಾದಸ್ವಾಮಿಯ ಕೈಯನ್ನು ಹಿಡಿದು ತಿರುಗಿಸಿ ನೋಡಿದರು. ಅವನು ನಕ್ಕ. ಪಕ್ಕದಲ್ಲಿ ಅವನ ತಾಯಿ ನಿಂತಿದ್ದಳು. ಡ್ರೈವರು ಕ್ಲೀನರುಗಳು ಬಂದುಹೋಗುವ ಜಾಗದಲ್ಲಿ ಸೊಸೆ ಕಾರು ಉಜ್ಜಿದಳೆಂದು ಊರಿಗೆ ಗೊತ್ತಾದರೆ ತಾನು ಮುಳ್ಳೂರಿಗೆ ಹೋಗಿ ಮಗಳ ಮನೆಯಲ್ಲಿರುತ್ತೇನೆಂದು ಹಿಂದಿನ ದಿನವೇ ಹೇಳಿದ್ದಳು.

ಹಾಗಾಗಿ ಅದೊಂದು ಕ್ರಮವಾಯಿತು. ಮಧ್ಯಾಹ್ನ ಬೀದಿ ಊಟ ಮಾಡಿ ಮಲಗುವ ಹೊತ್ತಿಗೆ ಶೆಡ್ಡಿನ ತಗಡಿನ ಬಾಗಿಲು ಮುಚ್ಚುತ್ತಿತ್ತು, ನಡುಮನೆಯ ಬಾಗಿಲು ತೆರೆಯುತ್ತಿತ್ತು. ಐದಾರು ವರ್ಷಕ್ಕೆ ತಾಯಿ ತೀರಿಕೊಂಡಳು. ತಗಡಿನ ಬಾಗಿಲು ಮಾತ್ರ ಮುಚ್ಚುತ್ತಲೇ ಇತ್ತು. ಆ ವೇಳೆಗೆ ಯಳಂದೂರು, ಹನೂರಿನಿಂದೆಲ್ಲ ಗಾಡಿಗಳು ಬರುತ್ತಿದ್ದವು. ಜನ ಅವನನ್ನು ಪಾಲಿಶ್ ಮಾದಸ್ವಾಮಿ ಎಂದು ಕರೆಯುತ್ತಿದ್ದರು.

*

ಮನೆ ಮುಂದಿನ ಹೊಂಗೆಮರದ ಕೆಳಗೆ ಗಂಡಸರು ಕೂತಿದ್ದರು. ನಡುವೆ ಚೆನ್ನಯ್ಯನಿದ್ದ. ಮೂವತ್ತು ವರ್ಷ ಬಸ್ಸು ಓಡಿಸಿ ಈಗ ಮನೆಯಲ್ಲಿರುವ ಮುದುಕ. ಪಕ್ಕದ ಮನೆಯವನು. ಮಾತಿಗೆ ಕೂತರೆ ಎದುರಿನವರಿಗೆ ಜಾಗ ಬಿಡುವವನಲ್ಲ. ಮಾದಸ್ವಾಮಿ ಬಂದು ಕಲ್ಲಿನ ಮೇಲೆ ಕೂತಾಗಲೂ ಅವನು ಮಾತು ನಿಲ್ಲಿಸದೆ, ಇವನ ಕೈಯಲ್ಲಿ ಅದೇನಿದೆಯೋ, ಇವನು ಉಜ್ಜಿದ ಬಾಗಿಲಿನಲ್ಲಿ ನಾನು ಮುಖ ನೋಡಿಕೊಂಡು ಕ್ಷೌರ ಮಾಡಿಕೊಂಡಿದ್ದೇನೆ ಎಂದು ಹೊನ್ನೂರಿನಿಂದ ಬಂದಿದ್ದ ಯಾರಿಗೋ ವಿವರಿಸುತ್ತಿದ್ದ. ಹೊನ್ನೂರಿನವನು ಸತ್ತವರು ಹೇಗಿದ್ದರು ಎಂದು ಕೇಳಿದ.

"ಆಯಮ್ಮ ಪಾಪ, ಮನೆ ಬುಟ್ಟು ಆಚ್ಗೆ ಬಂದೋಳಲ್ಲ," ಎಂದ ಚೆನ್ನಯ್ಯ. "ಇದ್ಲೋ ಇಲ್ವೋ ಅನ್ನಂಗಿದ್ಲು."

ಮಾದಸ್ವಾಮಿ ಅವನ ಕಡೆ ತಿರುಗಿದ. "ಚೆನ್ನಣ್ಣ," ಎಂದ. "ಆ ಬಾಗಿಲುಗಳ್ನ ಉಜ್ತಿದ್ದದ್ದು..."

ಅಷ್ಟರಲ್ಲಿ ಬೀದಿಯ ತುದಿಯಲ್ಲಿ ಹೊಸದಾಗಿ ನೆಂಟರು ಕಾಣಿಸಿಕೊಂಡರೆಂದು ತಮಟೆಯವರು ಎದ್ದು ಬಾರಿಸತೊಡಗಿದರು. ಚೆನ್ನಯ್ಯ ಕಿವಿಗೆ ಕೈ ಅಡ್ಡ ಇಟ್ಟು ಏನಂದೆ ಎಂದು ಬಗ್ಗಿದ. ಮಾದಸ್ವಾಮಿ ಇನ್ನೊಮ್ಮೆ ಹೇಳಿದ. ಮಾತು ತಮಟೆಯಲ್ಲಿ ಕಲಸಿಹೋಯಿತು. ಚೆನ್ನಯ್ಯ ಅರ್ಥವಾದವನಂತೆ ತಲೆಯಾಡಿಸಿ, ಆಯಿತು, ಆಯಿತು, ಸಮಾಧಾನ ಮಾಡಿಕೊ ಎಂದು ಅವನ ತೊಡೆ ತಟ್ಟಿದ. ತಮಟೆ ನಿಂತಾಗ ಆ ಮಾತನ್ನು ಮತ್ತೆ ಎಲ್ಲಿಂದ ಎತ್ತಬೇಕೆಂದು ಮಾದಸ್ವಾಮಿಗೆ ಹೊಳೆಯಲಿಲ್ಲ. ಬೆಳಗಿನಿಂದ ಇದು ಮೂರನೆಯ ಸಲ. ತನ್ನ ಮೇಲೇ ಅವನಿಗೆ ರೇಗಿತು. ಹದಿನೈದು ವರ್ಷದಲ್ಲಿ ಬಾರದ ಮಾತು ಹೆಣದ ಮುಂದೆ ಯಾಕೆ ಇಷ್ಟು ಅವಸರ ಮಾಡುತ್ತಿದೆ ಎಂದುಕೊಂಡ.

ರೇಷ್ಮೆ ವ್ಯಾಪಾರದ ಸಾಹುಕಾರ್ ಶಿವಯ್ಯನವರು ಬಂದದ್ದು ಹನ್ನೊಂದರ ಸುಮಾರಿಗೆ. ಕೊಡೆ ಮಡಿಸಿ ಗೋಡೆಗೊರಗಿಸಿ, ಒಳಗೆ ಹೋಗಿ ಹೂವಿನ ಹಾರ ಹಾಕಿ ಕೈ ಮುಗಿದು ಬಂದು ಮಾದಸ್ವಾಮಿಯ ಪಕ್ಕ ಕೂತರು. ಒಳ್ಳೆಯ ಮನುಷ್ಯ. ನಾಳಿದ್ದು ಅವರ ಮಗಳ ಮದುವೆ. ಯಳಂದೂರಿನಿಂದ ಗಂಡನ್ನು ಕರೆತರಬೇಕಾಗಿದ್ದ ಅವರ ಕಪ್ಪು ಅಂಬಾಸಿಡರ್ ಕಾರು ಇಪ್ಪತ್ತು ದಿನದಿಂದ ಶೆಡ್ಡಿನಲ್ಲಿತ್ತು. ಕಡೆಗೆ ಅವರು ಟವೆಲಿನಲ್ಲಿ ಮುಖ ಒರೆಸಿಕೊಂಡು ಮೆಲ್ಲಗೆ ಕೇಳಿದರು.

"ಈ ಹೊತ್ತಿನಲ್ಲಿ ಕೇಳಬಾರದು ಮಾದಸ್ವಾಮಿ. ಒಂದು ಬಾಗಿಲು ಉಳಿದಿದೆ ಅಂದಿದ್ದೆ. ನಾಳೆ ಸಂಜೆಗಾದರೂ ಆದೀತಾ? ನಿನ್ನ ಕೈಗೆ ಒಂದು ಬಾಗಿಲು ಎಷ್ಟರ ಕೆಲಸ."

ಮಾದಸ್ವಾಮಿ ಎದ್ದು ಒಳಗೆ ಹೋದ.

*

ಮೂರು ವರ್ಷದ ಹಿಂದೆ ಪುಟ್ಟಗೌರಮ್ಮನ ಅಪ್ಪ ತೀರಿಕೊಂಡಾಗ, ಲೊಕ್ಕನಹಳ್ಳಿಯ ಎರಡು ಎಕರೆ ಹೊಲ ತಮ್ಮನಿಗೇ ಇರಲೆಂದು ಅವಳು ಒಪ್ಪಿದ್ದಳು. ಅದಕ್ಕೆ ಕಚೇರಿಗೆ ಹೋಗಿ ಹೆಬ್ಬೆಟ್ಟು ಒತ್ತಬೇಕಾಗಿತ್ತು. ಪುಟ್ಟಮಾದಪ್ಪನೂ ಬಂದಿದ್ದ, ಮಾದಸ್ವಾಮಿಯೂ ಹೋಗಿದ್ದ.

ಗುಮಾಸ್ತ ಅವಳ ಹೆಬ್ಬೆರಳಿಗೆ ಶಾಯಿ ಹಚ್ಚಿ ಕಾಗದದ ಮೇಲೆ ಒತ್ತಿಸಿದ. ಕಾಗದದ ಮೇಲೆ ಒಂದು ಶಾಯಿಯ ಬೊಟ್ಟು ಮಾತ್ರ ಮೂಡಿತು. ಬೆರಳು ಒರೆಸಿ ಮತ್ತೆ ಒತ್ತಿಸಿದ. ಮತ್ತೆ ಬೊಟ್ಟೇ. ಇನ್ನೊಂದು ಕೈಯ ಹೆಬ್ಬೆರಳು ನೋಡಿದ, ಅದೂ ಹಾಗೇ. ಮೂರು ಕಾಗದ ಹಾಳಾಯಿತು. ಹಿಂದೆ ಸಾಲಿನಲ್ಲಿ ನಿಂತವರು ಗೊಣಗಿದರು.

"ಏನಮ್ಮ, ಬೆರಳಲ್ಲಿ ಗೆರೆಯೇ ಇಲ್ಲವಲ್ಲ. ಏನು ಕೆಲಸ ಮಾಡ್ತೀಯ ನೀನು?"

ಅವಳು ಗಂಡನ ಕಡೆ ತಿರುಗಿದಳು. ಸಿಟ್ಟಿನಿಂದಲ್ಲ. ಬಾಗಿಲು ತೆಗೆದಿದೆಯೋ ಇಲ್ಲವೋ ಎಂದು ನೋಡುವ ಹಾಗೆ. ಸಾಲಿನಲ್ಲಿ ಒಬ್ಬ ಬಸ್ ಮಾಲೀಕರ ಗುಮಾಸ್ತನಿದ್ದ, ಇನ್ನಿಬ್ಬರು ಪರಿಚಯದವರಿದ್ದರು.

"ಮನೆ ಕೆಲ್ಸ ಸಾ," ಎಂದ ಮಾದಸ್ವಾಮಿ. "ರಾಗಿ ಬೀಸ್ತಾಳೆ."

ಕಡೆಗೆ ಎಡಗೈಯ ಕಿರುಬೆರಳಿನ ಗುರುತು ತೆಗೆದುಕೊಂಡು, ಪಕ್ಕದಲ್ಲಿ ಏನೋ ಷರಾ ಬರೆದು ಕಳಿಸಿದರು. ದಾರಿಯುದ್ದಕ್ಕೂ ಅವಳು ತಮ್ಮನ ಜೊತೆ ನಡೆದಳು, ಮಾದಸ್ವಾಮಿ ಹತ್ತು ಮಾರು ಹಿಂದೆ ಬಂದ. ಮನೆಯಲ್ಲಿ ತಮ್ಮನಿಗೆ ಊಟಕ್ಕಿಕ್ಕಿ ಬಸ್ಸು ಹತ್ತಿಸಿ ಬಂದಳು. ಅವತ್ತು ಮಧ್ಯಾಹ್ನ ಶೆಡ್ಡಿಗೆ ಬರಲಿಲ್ಲ. ಸಂಜೆ ನೀರು ತುಂಬುತ್ತ, ಅವನ ಮುಖ ನೋಡದೆ, ಒಂದೇ ಒಂದು ಮಾತು ಕೇಳಿದಳು.

"ಬೀದೀಲಿ ರಾಗಿ ಮಿಷನ್ನು ಬಂದು ಎಷ್ಟೊರ್ಸ ಆಯ್ತು?"

ಅವನು ಲೆಕ್ಕ ಹಾಕುವವನಂತೆ ಮೇಲೆ ನೋಡಿದ. ಮಾರನೆಯ ಮಧ್ಯಾಹ್ನ ಅವಳು ಎಂದಿನಂತೆ ಬಂದು ಪೇಪರ್ ನೆನೆಹಾಕಿದಳು. ಮುಂದಿನ ಸಲ ಯಾರಾದರೂ ಹೊಗಳಿದಾಗ ಹೇಳಿಯೇ ಬಿಡಬೇಕು ಎಂದು ಮಾದಸ್ವಾಮಿ ಆ ಹೊತ್ತು ಮನಸ್ಸಿನಲ್ಲೇ ಆಣೆ ಮಾಡಿದ. ಹೊಗಳುವವರು ಬಂದರು, ಹೋದರು. ಪ್ರತಿ ಸಲವೂ, ಇವರ ಮುಂದೆ ಬೇಡ, ಇನ್ನೂ ದೊಡ್ಡವರು ಬಂದಾಗ ಎಂದುಕೊಂಡ. ಹೋದ ವರ್ಷದಿಂದ ಅವಳಿಗೆ ಕೆಮ್ಮು ಹತ್ತಿತ್ತು.

*

ಈಗ ಅವನು ನಡುಮನೆಯ ಚಿಲಕ ತೆಗೆದು ಶೆಡ್ಡಿನೊಳಗೆ ಹೋದ. ತಗಡಿನ ಮಾಡು ಕಾದು ಥಿನ್ನರಿನ ವಾಸನೆ ತುಂಬಿತ್ತು. ಕಪ್ಪು ಕಾರು ಮೂರು ಕಡೆಯಿಂದ ಹೊಳೆಯುತ್ತಿತ್ತು. ಎಡಗಡೆಯ ಹಿಂದಿನ ಬಾಗಿಲು ಮಾತ್ರ ಮೇಲರ್ಧ ಮಂಕು, ಕೆಳಗರ್ಧ ಇನ್ನೂ ಕಿತ್ತಳೆ ಸಿಪ್ಪೆ. ಅದರ ಮುಂದೆ ಅವಳು ಕೂರುತ್ತಿದ್ದ ಮಣೆ. ಪಕ್ಕದಲ್ಲಿ ಬಾಂಡಲಿ, ಅದರ ನೀರಿನಲ್ಲಿ ಪೇಪರಿನ ಚೂರುಗಳು.

ನಿನ್ನೆ ಸಂಜೆ ಅವನು ಕಂಪೌಂಡ್ ಡಬ್ಬಿ ತರಲು ಅಂಗಡಿಗೆ ಹೋಗಿದ್ದ. ಎರಡು ದಿನದಿಂದ ಎದೆ ಹಿಡಿದಂತಾಗುತ್ತದೆ ಎನ್ನುತ್ತಿದ್ದಳು. ಮದುವೆ ಕಾರು, ಇದೊಂದು ಮುಗಿಸಿ ಆಸ್ಪತ್ರೆಗೆ ಹೋದರಾಯಿತು ಎಂದು ಅವನೂ ಹೇಳಿದ್ದ, ಅವಳೂ ಹೇಳಿದ್ದಳು. ಬಂದು ನೋಡಿದರೆ ಅವಳು ಮಣೆಯ ಮೇಲೆ ಕೂತಲ್ಲೇ ಬಾಗಿಲಿಗೆ ಹಣೆ ಕೊಟ್ಟು ಒರಗಿದ್ದಳು. ಅಲುಗಿಸಿದಾಗ ಪಕ್ಕಕ್ಕೆ ವಾಲಿದಳು. ಆಮೇಲೆ ತಾನು ಮಾಡಿದ್ದನ್ನು ಅವನು ರಾತ್ರಿಯಿಂದ ನುಂಗಲಾರದೆ ಒದ್ದಾಡುತ್ತಿದ್ದ. ಕೂಗಿ ಜನ ಕರೆಯುವುದಕ್ಕೆ ಮೊದಲು ಅವಳನ್ನು ಎತ್ತಿಕೊಂಡು ಹೋಗಿ ಒಲೆಯ ಮುಂದೆ ಮಲಗಿಸಿದ್ದ. ಸೆರಗಿನ ಒದ್ದೆಯನ್ನು ಹಿಂಡಿದ್ದ. ಶೆಡ್ಡಿನ ಬಾಗಿಲಿಗೆ ಚಿಲಕ ಹಾಕಿ ಬಂದು ಆಮೇಲೆ ಚೆನ್ನಯ್ಯನನ್ನು ಕೂಗಿದ್ದ. ಅಡಿಗೆಗೆ ಕೂತವಳು ಹಾಗೇ ಹೋದಳು ಎಂದು ಅವನೇ ಹೇಳಿದ್ದು.

ಅವನು ಮಣೆಯ ಮೇಲೆ ಕೂತ. ಇದನ್ನು ಅರ್ಧಕ್ಕೆ ಬಿಟ್ಟು ಅವಳನ್ನು ಮಣ್ಣಿಗೆ ಕಳಿಸಬಾರದು ಅನ್ನಿಸಿತು. ಇದೊಂದು ಬಾಗಿಲು, ಇವತ್ತೊಂದು ದಿನ ತನ್ನ ಕೈಗೆ ಬರಲಿ. ಪೇಪರ್ ಎತ್ತಿ ಕೆಳಗರ್ಧಕ್ಕೆ ಹಚ್ಚಿದ. ಒತ್ತಬಾರದು ಎಂದು ತನಗೆ ತಾನೇ ಹೇಳಿಕೊಂಡ. ನಾಲ್ಕು ಸಲ ಎಳೆದು ನೀರು ಬಿಟ್ಟ, ಕಣ್ಣು ಮುಚ್ಚಿ ಅಂಗೈಯಿಟ್ಟ. ಅಂಗೈಗೆ ತಗಡಿನ ತಂಪು ಬಿಟ್ಟರೆ ಬೇರೇನೂ ತಿಳಿಯಲಿಲ್ಲ. ಮತ್ತೆ ಎಳೆದ. ಸ್ವಲ್ಪ ಹೊತ್ತು ಚೆನ್ನಾಗೇ ನಡೆಯಿತು, ಗುಳಿಗಳು ಅಳಿದು ಹೋಗಿ ಅಂಗೈಯಗಲ ಮಂಕು ಬಂತು. ಹೊರಗೆ ಯಾರೋ ದೊಡ್ಡದಾಗಿ ಅತ್ತರು. ಅವನ ಕೈ ಬಿಗಿಯಿತು. ನೀರು ಹರಿದು ಹೋದಾಗ, ಬಾಗಿಲಿನ ನಡುವಿನ ಉಬ್ಬುಗೆರೆಯ ಮೇಲೆ ಕೆಂಪಗೆ, ಬೆರಳುದ್ದ, ಪ್ರೈಮರ್ ಎದ್ದಿತ್ತು.

ಅದನ್ನೇ ನೋಡುತ್ತ ಕೂತ. ಆಮೇಲೆ, ಅದು ಇನ್ನೇನು ಕೆಡಬೇಕು ಎಂಬಂತೆ, ಹಲ್ಲು ಕಚ್ಚಿ ಒತ್ತಿ ಒತ್ತಿ ಉಜ್ಜತೊಡಗಿದ.

"ಲೇ ಮಾದ."

ನಡುಮನೆಯ ಬಾಗಿಲಲ್ಲಿ ಚಾಮುಂಡಮ್ಮ ನಿಂತಿದ್ದಳು. ಅವಳ ಹಿಂದೆ ಇನ್ನಿಬ್ಬರು ಹೆಂಗಸರು. ತಮ್ಮ ಮಾಡುತ್ತಿದ್ದುದನ್ನು ಅವಳು ನಂಬಲಾರದೆ ನೋಡಿದಳು.

"ಎಂಡ್ತಿ ಎಣ ಒಳ್ಗೆ ಅದೆ. ನೀನು ಕಾರು ಉಜ್ತಾ ಕುಂತಿದ್ದೀಯಲ್ಲೋ. ನಿಂಗೆ ಕಳ್ಳು ಅನ್ನೋದು ಅದ್ಯಾ?"

ಮಾತು ಬೀದಿಯವರೆಗೂ ಹೋಯಿತು. ಚೆನ್ನಯ್ಯ ಬಂದ, ಶಿವಯ್ಯನವರು ಬಂದರು, ಬಾಗಿಲ ತುಂಬ ಜನ ತುಂಬಿದರು. ಹೆಂಡತಿ ಸತ್ತ ದಿನವೂ ಕೆಲಸ ಬಿಡಲಿಲ್ಲವಲ್ಲ ಎಂದು ಯಾರೋ, ಸಾಹುಕಾರರು ಬಂದು ಕೂತರೆ ಪಾಪ ಅವನೇನು ಮಾಡುತ್ತಾನೆ ಎಂದು ಇನ್ಯಾರೋ. ಶಿವಯ್ಯನವರು ಕಸಿವಿಸಿಯಿಂದ ತಾವು ಇವತ್ತೇ ಮಾಡು ಅನ್ನಲಿಲ್ಲ ಎಂದರು. ಮಾದಸ್ವಾಮಿ ಎದ್ದು ನಿಂತ. ಕೈಯಿಂದ ಬೂದು ನೀರು ತೊಟ್ಟಿಕ್ಕುತ್ತಿತ್ತು.

"ಇದು ನನ್ ಕೆಲ್ಸ ಅಲ್ಲ," ಎಂದ. ಈ ಸಲ ತಮಟೆ ಇರಲಿಲ್ಲ. "ಇಷ್ಟೊರ್ಸ ಉಜ್ಜಿದ್ದೆಲ್ಲ ಅವ್ಳು. ಡಾಕ್ಟ್ರ ಕಾರಿಂದ ಇಡ್ದು ಎಲ್ಲಾನೂವೆ. ನಂಗೆ ಬರಾಕಿಲ್ಲ. ನೋಡಿ, ಇಲ್ ನೋಡಿ, ನಾನು ಉಜ್ಜುದ್ರೆ ಇಂಗಾಯ್ತದೆ. ಅವ್ಳು ಒಲೆ ಮುಂದೆ ಸಾಯ್ಲಿಲ್ಲ. ಇಲ್ಲಿ, ಈ ಮಣೆ ಮೇಲೆ ಸತ್ಲು. ನಾನೇ ಒತ್ಕಂಡೋಗಿ ಅಲ್ಲಿ ಮಲಗ್ಸಿದ್ದು."

ಈ ಗಳಿಗೆಗೇ ಅವನು ಇಷ್ಟು ವರ್ಷ ಹೆದರಿದ್ದ. ಮಾನ ಹೋಗುತ್ತದೆ, ಜನ ಉಗಿಯುತ್ತಾರೆ ಎಂದುಕೊಂಡಿದ್ದ. ಉಗಿದಿದ್ದರೂ ಹಗುರವಾಗುತ್ತಿತ್ತು.

ಚೆನ್ನಯ್ಯ ಮುಂದೆ ಬಂದು ಅವನ ತೋಳು ಹಿಡಿದ. "ದುಕ್ಕದಲ್ಲಿ ಅಂಗೇ ಕಣಪ್ಪ. ಏನೇನೋ ಬತ್ತದೆ ಬಾಯ್ಗೆ. ಯಾರಾದ್ರೂ ಒಂದ್ ಲೋಟ ನೀರು ತಕಬನ್ನಿ."

ನೀರು ಬಂತು. ಮಾದಸ್ವಾಮಿ ಲೋಟ ತಳ್ಳಿದ. ದುಃಖಕ್ಕಲ್ಲ, ನಿಜ ಹೇಳುತ್ತಿದ್ದೇನೆ ಎಂದ. ಅದಕ್ಕೂ ಚೆನ್ನಯ್ಯ ಆಯಿತಪ್ಪ, ಆಯಿತು ಎಂದ. ಚಾಮುಂಡಮ್ಮ ತನ್ನ ಅಂಗೈ ನೋಡಿಕೊಂಡಳು. ಬೆಳಗ್ಗೆ ತಾನು ಬೂದಿ ಹಾಕಿ ತಿಕ್ಕಿದ ಕೈ ಅವಳ ಕಣ್ಣ ಮುಂದೆ ಬಂದಿರಬೇಕು. ಆಮೇಲೆ ಪಕ್ಕದವಳಿಗೆ, ಇವನ ಮಾತನ್ನು ಯಾರೂ ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಹೇಳಿ ಸೆರಗು ಬಾಯಿಗೊತ್ತಿಕೊಂಡು ಒಳಗೆ ಹೋದಳು.

ಶಿವಯ್ಯನವರು ಬಗ್ಗಿ ಬಾಗಿಲನ್ನು ನೋಡುತ್ತಿದ್ದರು. ಹೊಳೆಯುವ ಮುಂದಿನ ಬಾಗಿಲು ನೋಡಿದರು, ಕೆಂಪು ಎದ್ದ ಹಿಂದಿನದನ್ನು ನೋಡಿದರು, ಮಾದಸ್ವಾಮಿಯ ಕೈಯನ್ನು ನೋಡಿದರು. ಅವರು ನಂಬಿದರು. ಆ ಗುಂಪಿನಲ್ಲಿ ನಂಬಿದವರು ಅವರೊಬ್ಬರೇ ಎಂದು ಮಾದಸ್ವಾಮಿಗೆ ಗೊತ್ತಾಯಿತು.

"ಹಾಗಾದರೆ," ಎಂದರು ಶಿವಯ್ಯನವರು, ಕಷ್ಟಪಟ್ಟು, "ಇನ್ನು ಈ ಬಾಗಿಲನ್ನ ಯಾರು ಮಾಡ್ತಾರೆ?"

ಮಾದಸ್ವಾಮಿಗೆ ನಗು ಬಂದಂತಾಯಿತು, ಅಳುವೂ ಬಂತು. ಯಾರೂ ಇಲ್ಲ ಸಾ ಎಂದ. ಶಿವಯ್ಯನವರು, ಕಾರು ಹೇಗಿದೆಯೋ ಹಾಗೇ ಇರಲಿ, ಸಂಜೆಯ ಮೇಲೆ ಡ್ರೈವರನ್ನು ಕಳಿಸಿ ತರಿಸಿಕೊಳ್ಳುತ್ತೇನೆ ಎಂದು ಹೇಳಿ ಕೊಡೆ ಎತ್ತಿಕೊಂಡು ಹೊರಟರು.

ಜನ ಕರಗಿದ ಮೇಲೆ ಕಂಡ, ಬೀದಿಯ ಕಡೆಯ ತಗಡಿನ ಬಾಗಿಲ ಸಂದಿಯಲ್ಲಿ ಪುಟ್ಟಮಾದಪ್ಪ ನಿಂತಿದ್ದ. ಕಾಲೆಲ್ಲ ಧೂಳು. ಕಂಕುಳಲ್ಲಿ ಕಾಗದದಲ್ಲಿ ಸುತ್ತಿದ ಸೀರೆ. ಯಾವಾಗ ಬಂದು ನಿಂತಿದ್ದನೋ, ಎಲ್ಲ ಕೇಳಿಸಿಕೊಂಡಿದ್ದ. ಒಳಗೆ ಬಂದು ಮಣೆಯ ಹತ್ತಿರ ಕುಕ್ಕರುಗಾಲಿನಲ್ಲಿ ಕೂತು, ಅಕ್ಕ ಉಜ್ಜಿದ್ದ ಮೇಲರ್ಧವನ್ನು ಅಂಗೈಯಲ್ಲಿ ಒಮ್ಮೆ ಸವರಿದ.

"ನಂಗೊತ್ತಿತ್ತು ಭಾವ," ಎಂದ. "ಅವತ್ತು ಕಚೇರಿಯಿಂದ ಬತ್ತಾ ದಾರೀಲಿ ಏಳಿದ್ಲು. ಯಾರ್ಗೂ ಏಳ್ಬ್ಯಾಡ, ಅವ್ರ ಬಾಯಿಂದ್ಲೇ ಬರ್ಲಿ ಅಂದಿದ್ಲು. ಪ್ರತಿ ಅಬ್ಬಕ್ಕೂ ಊರ್ಗೆ ಬಂದಾಗ ಕೇಳ್ತಿದ್ದೆ, ಏಳುದ್ರೇನಕ್ಕ ಅಂತ. ಇನ್ನೂ ಇಲ್ಲ ಅನ್ನೋಳು. ಸಿಟ್ಟಿರ್ನಿಲ್ಲ ಭಾವ ಅವ್ಳಿಗೆ. ನಗ್ತಾ ಅನ್ನೋಳು."

ಸಿಟ್ಟಿತ್ತು ಎಂದಿದ್ದರೆ ಮಾದಸ್ವಾಮಿ ತಡೆದುಕೊಳ್ಳುತ್ತಿದ್ದ. ಅವನು ಕಾರಿನ ಬಂಪರ್ ಹಿಡಿದು ಕೂತ.

"ಮೇಲೇಳಿ ಭಾವ," ಎಂದ ಪುಟ್ಟಮಾದಪ್ಪ. "ಸೀರೆ ಉಡುಸ್ಲಿ. ಒತ್ತಾಯ್ತು."

*

ಮೂರು ಗಂಟೆಗೆ ಹೊರಟರು. ಮುಂದೆ ತಮಟೆ, ಆಮೇಲೆ ಚಟ್ಟ, ಹಿಂದೆ ಗಂಡಸರು. ಹನೂರಿನ ಅಂಗಡಿಯ ಹಸಿರಂಚಿನ ಸೀರೆಯಲ್ಲಿ, ಅರಿಶಿನ ಬಳಿದ ಮುಖದಲ್ಲಿ ಪುಟ್ಟಗೌರಮ್ಮ ಬಿಸಿಲಿಗೆ ಮುಖ ಕೊಟ್ಟು ಮಲಗಿದ್ದಳು. ಮುಂದಿನ ಹೆಗಲು ಅವಳ ತಮ್ಮನದು. ಮಾದಸ್ವಾಮಿ ಚಟ್ಟದ ಪಕ್ಕದಲ್ಲೇ ನಡೆಯುತ್ತಿದ್ದ. ಚೆನ್ನಯ್ಯ ಹಿಂದಿನಿಂದ ಆಗಾಗ ಅವನ ಹೆಗಲ ಮೇಲೆ ಕೈ ಹಾಕುತ್ತಿದ್ದ. ಪ್ರತಿ ಸಲವೂ ಮಾದಸ್ವಾಮಿ ಹೆಗಲು ಕೊಡವುತ್ತಿದ್ದ.

ಊರು ದಾಟಿ ಹನೂರು ರಸ್ತೆಯ ತಿರುವಿಗೆ ಬಂದಾಗ ಎದುರಿಗೆ ಬಸ್ಸು ಬಂತು. ರಸ್ತೆ ಕಿರಿದು, ಎರಡು ಕಡೆಯೂ ಹುಣಿಸೆಮರ. ಡ್ರೈವರ್ ಬಸ್ಸನ್ನು ಬದಿಗೆ ಒತ್ತರಿಸಿ ಎಂಜಿನ್ ನಿಲ್ಲಿಸಿದ. ಒಳಗೆ ಕೂತಿದ್ದವರು ಎದ್ದು ನಿಂತರು. ತಮಟೆಯವರೂ ಅಷ್ಟು ದೂರ ಬಾರಿಸುವುದನ್ನು ನಿಲ್ಲಿಸಿದರು. ಬಸ್ಸಿಗೂ ಹೊಲದ ಬೇಲಿಗೂ ನಡುವೆ ಚಟ್ಟ ಹೋಗುವಷ್ಟು ಮಾತ್ರ ಜಾಗವಿತ್ತು.

ಕಡುಗೆಂಪು ಬಣ್ಣದ ಬಸ್ಸು. ಯುಗಾದಿಗೆ ಮುಂಚೆ ಶೆಡ್ಡಿನಿಂದ ಹೋದದ್ದು. ಕಿಟಕಿಗಳ ಕೆಳಗಿನ ತಗಡಿಗೆಲ್ಲ ಕಾರಿನ ಹಾಗೇ ಹೊಳಪು ಬರಬೇಕೆಂದು ಮಾಲೀಕ ಹಟ ಹಿಡಿದಿದ್ದ. ಡ್ರೈವರ್ ಅವತ್ತೇ ಎಲ್ಲೋ ಹಳ್ಳದಲ್ಲಿ ತೊಳೆದಿದ್ದಿರಬೇಕು, ಧೂಳು ಇನ್ನೂ ಚಕ್ರದ ಮೇಲಕ್ಕೆ ಹತ್ತಿರಲಿಲ್ಲ.

ಪುಟ್ಟಮಾದಪ್ಪ ಹೆಗಲು ಬದಲಿಸುತ್ತ ಬಸ್ಸನ್ನು ನೋಡಿದ.

"ಇದ್ನ ಯಾರು ಉಜ್ಜಿದ್ದು ಭಾವ?"

"ನಿಮ್ಮಕ್ಕ," ಎಂದ ಮಾದಸ್ವಾಮಿ. "ಮೂರು ವಾರ."

ತಮಟೆ ನಿಂತಿದ್ದರಿಂದ ಎಲ್ಲರಿಗೂ ಕೇಳಿಸಿತು. ಚೆನ್ನಯ್ಯ ಕೆಮ್ಮಿ, ಕಿಟಕಿಯಲ್ಲಿದ್ದ ಡ್ರೈವರಿಗೆ ಕೈಸನ್ನೆ ಮಾಡಿ, ನಡೆಯಿರಿ, ನಡೆಯಿರಿ ಎಂದ.

ಚಟ್ಟ ಬಸ್ಸಿನ ಪಕ್ಕದಲ್ಲಿ ಮೆಲ್ಲಗೆ ಸಾಗಿತು. ಕೆಂಪು ತಗಡಿನೊಳಗೆ ಇನ್ನೊಂದು ಚಟ್ಟ ಸಾಗಿತು. ನಾಲ್ಕು ಜನರ ಕಾಲು, ಬಿದಿರು, ಚೆಂಡುಹೂವು, ಸೀರೆಯ ಹಸಿರು ಅಂಚು, ಆಮೇಲೆ ಅರಿಶಿನದ ಮುಖ. ಮುಂದಿನ ಚಕ್ರದಿಂದ ಹಿಂದಿನ ಚಕ್ರದವರೆಗೆ ಆ ಮುಖ ಎಲ್ಲೂ ನಲುಗಲಿಲ್ಲ, ಎಲ್ಲೂ ಡೊಂಕಾಗಲಿಲ್ಲ. ಹಿಂದಿನ ಚಕ್ರ ದಾಟಿದ ಮೇಲೆ ತಗಡಿನಲ್ಲಿ ಹುಣಿಸೆಮರವೂ, ಅದರ ಮೇಲಿನ ಆಕಾಶವೂ, ಹೆಜ್ಜೆ ಕೀಳಲಾರದೆ ಹಿಂದೆ ಉಳಿದ ಒಬ್ಬ ಮನುಷ್ಯನೂ ನಿಂತಿದ್ದರು.